ತೇಲದ ಮೀನಿನ ಲೆಕ್ಕ

ಬಾರಾಮತಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ರಾಜಕಾರಣದ ಊರು, ಇಲ್ಲವೇ ಕಬ್ಬಿನ ಊರು. ಮೀನಿನ ನೆನಪು ಯಾರಿಗೂ ಬರುವುದಿಲ್ಲ. ಆದರೂ ಸಿಹಿನೀರಿನ ಮೀನಿಗೆ ಭಾರಲೋಹಗಳಿಂದ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಒಂದೇ ಕಡೆ ನಿಂತು ನೋಡಬೇಕೆಂದರೆ ಪುಣೆ ಜಿಲ್ಲೆಯ ಈ ತಾಲೂಕಿನಷ್ಟು ಅನುಕೂಲದ ಜಾಗ ಸಿಗುವುದು ಕಷ್ಟ. ಊರನ್ನು ಹಾದುಹೋಗುವ ಕರ್ಹಾ ನದಿ ಸೋನಗಾಂವ್ ಬಳಿ ನೀರಾ ನದಿಗೆ ಸೇರುತ್ತದೆ. 1885ರಲ್ಲಿ ಮುಗಿದ ನೀರಾ ಎಡದಂಡೆ ಕಾಲುವೆ ಇಲ್ಲಿಗೆ ಕಬ್ಬು ತಂದಿತು. ಕಬ್ಬಿನ ಹಿಂದೆ ಸಹಕಾರಿ ಸಕ್ಕರೆ ಕಾರ್ಖಾನೆಗಳು, ಅವುಗಳ ಹಿಂದೆ ಡಿಸ್ಟಿಲರಿಗಳು ಬಂದವು. ಈಶಾನ್ಯಕ್ಕೆ ಹೋದರೆ ಭಿಗವಣದ ಮೀನು ಪೇಟೆ, ಉಜನಿ ಜಲಾಶಯದ ಹಿನ್ನೀರು. ಊರ ಪಕ್ಕದ ಮಾಳೆಗಾಂವ್ ಖುರ್ದ್‌ನ ಕಲ್ಲುನೆಲದಲ್ಲಿ 2009ರಲ್ಲಿ ಹುಟ್ಟಿದ ಐಸಿಎಆರ್‌ನ ರಾಷ್ಟ್ರೀಯ ಅಜೈವಿಕ ಒತ್ತಡ ನಿರ್ವಹಣಾ ಸಂಸ್ಥೆಯಿದೆ. ಬರ, ಬಿಸಿಲು, ಉಪ್ಪುನೆಲಗಳ ಜೊತೆಗೆ ಸೀಸ, ಆರ್ಸೆನಿಕ್‌ಗಳು ಮೀನಿನ ಮೈಯಲ್ಲಿ ಮಾಡುವ ಕೆಲಸವನ್ನೂ ಅಲ್ಲಿನ ತೊಟ್ಟಿಗಳಲ್ಲಿ ಅಳೆಯುತ್ತಾರೆ.

ಇದು ಪರರಾಜ್ಯದ ಸಂಗತಿ ಎಂದು ಕನ್ನಡದ ಓದುಗರು ಪಕ್ಕಕ್ಕಿಡುವಂತಿಲ್ಲ. ನೀರಾ ನದಿ ನರಸಿಂಗಪುರದಲ್ಲಿ ಭೀಮೆಗೆ ಸೇರುವುದು ಉಜನಿ ಅಣೆಕಟ್ಟಿನ ಕೆಳಗೆ. ಅಲ್ಲಿಂದ ಪಂಢರಪುರ ದಾಟಿದ ಮೇಲೆ ಆ ನೀರು ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಅಂಚು ಸವರಿ ರಾಯಚೂರಿನ ಬಳಿ ಕೃಷ್ಣೆಗೆ ಕೂಡುತ್ತದೆ. ಉಜನಿಗೆ ಬರುವ ನೀರಾದರೂ ಎಲ್ಲಿಯದು? ಪುಣೆ, ಪಿಂಪ್ರಿ-ಚಿಂಚವಡಗಳ ಚರಂಡಿ ಮತ್ತು ಕಾರ್ಖಾನೆಗಳನ್ನು ತೊಳೆದು ಬರುವ ಮುಳಾ-ಮುಠಾ, ಪವನಾ, ಇಂದ್ರಾಯಣಿಗಳದ್ದು. ವಾಹನದ ಬಿಡಿಭಾಗ ಮಾಡುವ ಊರಿನಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಇದ್ದೇ ಇರುತ್ತದೆ. ಅದಿದ್ದಲ್ಲಿ ಕ್ರೋಮಿಯಂ, ನಿಕಲ್, ಸತು ಇರುತ್ತವೆ. ಅದಕ್ಕೆ ಹೊಲಗಳಿಂದ ಬರುವುದನ್ನೂ ಸೇರಿಸಬೇಕು: ರಂಜಕದ ಗೊಬ್ಬರದೊಂದಿಗೆ ಅಷ್ಟಿಷ್ಟು ಕ್ಯಾಡ್ಮಿಯಂ, ದ್ರಾಕ್ಷಿ-ದಾಳಿಂಬೆಗೆ ಹೊಡೆಯುವ ಮೈಲುತುತ್ತದೊಂದಿಗೆ ತಾಮ್ರ.

ಮೀನಿನ ಕಾಯಿಲೆ ಶುರುವಾಗುವುದು ಕಿವಿರಿನಲ್ಲಿ. ಸಿಹಿನೀರಿನ ಮೀನಿನ ರಕ್ತದಲ್ಲಿ ಉಪ್ಪು ಹೆಚ್ಚು, ಹೊರಗಿನ ನೀರಿನಲ್ಲಿ ತೀರ ಕಡಿಮೆ. ಹಾಗಾಗಿ ನೀರು ತಾನಾಗಿ ಮೈಯೊಳಕ್ಕೆ ಇಳಿಯುತ್ತಲೇ ಇರುತ್ತದೆ, ಉಪ್ಪು ಹೊರಕ್ಕೆ ಸೋರುತ್ತಲೇ ಇರುತ್ತದೆ. ಮೀನು ಹಗಲಿರುಳೂ ತೆಳುಮೂತ್ರ ಹೊಯ್ದು ನೀರನ್ನು ಹೊರಹಾಕುತ್ತದೆ. ಕಳೆದುಕೊಂಡ ಸೋಡಿಯಂ, ಕ್ಯಾಲ್ಸಿಯಂಗಳನ್ನು ಕಿವಿರಿನ ವಿಶೇಷ ಜೀವಕೋಶಗಳ ಮೂಲಕ ನೀರಿನಿಂದ ಮತ್ತೆ ಹೆಕ್ಕಿಕೊಳ್ಳುತ್ತದೆ. ಲೋಹಗಳು ನುಗ್ಗುವುದು ಈ ದಾರಿಯಿಂದಲೇ. ತಾಮ್ರವು ಸೋಡಿಯಂ ಒಳಬರುವುದನ್ನು ತಡೆಯುತ್ತದೆ. ಕ್ಯಾಡ್ಮಿಯಂ, ಸತು, ಸೀಸಗಳು ಕ್ಯಾಲ್ಸಿಯಂನ ದಾರಿ ಹಿಡಿಯುತ್ತವೆ. ಮದುವೆಮನೆಯ ಬಾಗಿಲಲ್ಲಿ ನೆಂಟರ ವೇಷದಲ್ಲಿ ನಿಂತ ಕಳ್ಳನಂತೆ ಅವು ಒಳಗೂ ಬರುತ್ತವೆ, ನಿಜವಾದ ನೆಂಟರಿಗೆ ದಾರಿಯನ್ನೂ ಬಿಡುವುದಿಲ್ಲ. ಪ್ರಮಾಣ ಹೆಚ್ಚಾದರೆ ಕಿವಿರಿನ ಪದರ ಊದಿಕೊಂಡು, ಲೋಳೆ ಕಟ್ಟಿ, ಮೀನು ಉಸಿರುಗಟ್ಟಿ ಸಾಯುತ್ತದೆ. ಕಡಿಮೆಯಾದರೆ ಸಾಯುವುದಿಲ್ಲ, ಉಪ್ಪಿನ ಲೆಕ್ಕ ಸರಿದೂಗಿಸುವುದಕ್ಕೇ ತಿಂದ ಕೂಳನ್ನು ಖರ್ಚು ಮಾಡುತ್ತ ಬದುಕುತ್ತದೆ.

ಒಳಹೊಕ್ಕ ಲೋಹ ರಕ್ತದೊಂದಿಗೆ ಯಕೃತ್ತು, ಮೂತ್ರಪಿಂಡಗಳಿಗೆ ಹೋಗುತ್ತದೆ. ಅಲ್ಲಿ ಮೆಟಲೋಥಯೋನಿನ್ ಎಂಬ ಗಂಧಕ ತುಂಬಿದ ಪುಟ್ಟ ಪ್ರೋಟೀನು ಅದನ್ನು ಕಟ್ಟಿಹಾಕುತ್ತದೆ. 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಮೊದಲು ಸಿಕ್ಕ ಈ ಪ್ರೋಟೀನು ಮೀನಿನಲ್ಲೂ ಇದೆ. ಯಕೃತ್ತಿನಲ್ಲಿ ಅದರ ಪ್ರಮಾಣ ಏರಿದೆಯೆಂದರೆ ಮೀನು ಲೋಹದ ಜೊತೆ ಗುದ್ದಾಡುತ್ತಿದೆ ಎಂದರ್ಥ. ಸೀಸವು ರಕ್ತದ ಕೆಂಪು ಬಣ್ಣ ಕಟ್ಟುವ ಒಂದು ಕಿಣ್ವವನ್ನು ತಡೆಯುತ್ತದೆ. ಹೆಚ್ಚು ಕಾಲ ಸೀಸದಲ್ಲಿದ್ದ ಮೀನಿನ ಬಾಲ ಕಪ್ಪಾಗುವುದು, ಬೆನ್ನುಮೂಳೆ ಡೊಂಕಾಗುವುದು ಹಳೆಯ ಪಾಠಗಳಲ್ಲೇ ಇವೆ. ಕ್ಯಾಡ್ಮಿಯಂ ಮೊಟ್ಟೆಯ ಬಂಡಾರ ಕಟ್ಟುವ ಪ್ರೋಟೀನನ್ನು ಕುಗ್ಗಿಸುತ್ತದೆ.

ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಮೂಗಿನ ಸಂಗತಿ. ಗೆಂಡೆಯ ಜಾತಿಯ ಮೀನಿಗೆ ಗಾಯವಾದರೆ ಅದರ ಚರ್ಮದಿಂದ ಒಂದು ವಸ್ತು ನೀರಿಗೆ ಸೇರುತ್ತದೆ. ಅದರ ವಾಸನೆ ಹಿಡಿದ ಉಳಿದ ಮೀನುಗಳು ಚದುರಿ ಓಡುತ್ತವೆ. ಇದನ್ನು 1938ರಲ್ಲಿ ಕಂಡುಕೊಂಡವನು ಜೇನ್ನೊಣದ ಕುಣಿತದಿಂದ ಹೆಸರಾದ ಕಾರ್ಲ್ ಫಾನ್ ಫ್ರಿಶ್. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರ ಹೆಚ್ಚಿದರೆ ಕೆಲವು ಗಂಟೆಗಳಲ್ಲೇ ಕೋಹೋ ಸಾಲ್ಮನ್ ಮರಿಗಳ ಘ್ರಾಣಶಕ್ತಿ ಮಂಕಾಗುತ್ತದೆಂದು ಅಮೆರಿಕದ ಸಿಯಾಟಲ್‌ನ ಸಂಶೋಧಕರು ತೋರಿಸಿದ್ದಾರೆ. ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು. ಅಂಥ ಮೀನನ್ನು ಕೊಯ್ದು ನೋಡಿದರೆ ಆರೋಗ್ಯವಾಗಿಯೇ ಕಾಣುತ್ತದೆ. ಬೇಟೆಗಾರ ಮೀನು ಹತ್ತಿರ ಬಂದಾಗ ಮಾತ್ರ ಅದಕ್ಕೆ ತಿಳಿಯುವುದಿಲ್ಲ. ಲೋಹ ಕೊಂದ ಮೀನು ಹಾಗೆ ಇನ್ನೊಂದು ಮೀನಿನ ಹೊಟ್ಟೆ ಸೇರುತ್ತದೆ, ದಡಕ್ಕೆ ಬರುವುದಿಲ್ಲ.

ದಡಕ್ಕೆ ಬರುವ ಮೀನಿನ ಕತೆ ಬೇರೆ. ಬೇಸಿಗೆಯಲ್ಲೋ ಮೊದಲ ಮಳೆಯಲ್ಲೋ ಬೆಳಗಾಗುವುದರೊಳಗೆ ನದಿಯ ತುಂಬ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುವ ಮೀನುಗಳ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ‘ವಿಷಕಾರಿ ರಾಸಾಯನಿಕ’ ಎಂದು ತಲೆಬರಹ ಬೀಳುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಕೊಂದದ್ದು ಆಮ್ಲಜನಕದ ಕೊರತೆ. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್‌ನ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 40,000 ಮಿಲಿಗ್ರಾಂಗೂ ಹೆಚ್ಚಿರುತ್ತದೆ. ಬೇಸಿಗೆಯ ಮಡುವಿಗೆ ಅದು ಸ್ವಲ್ಪ ಸೋರಿದರೂ ರಾತ್ರಿ ಕಳೆಯುವುದರಲ್ಲಿ ಉಸಿರಾಡಲು ಏನೂ ಉಳಿದಿರುವುದಿಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತಾಗಲೂ ಎಲ್ಲರ ಬೆರಳು ತೋರಿದ್ದು ಇದೇ ಕೊರತೆಯ ಕಡೆಗೆ. ಹಾಗೆಂದು ಎರಡನ್ನೂ ಪೂರ್ತಿ ಬೇರ್ಪಡಿಸುವುದಕ್ಕೂ ಬರುವುದಿಲ್ಲ. ಆಮ್ಲಜನಕ ಕುಸಿದಾಗ ಮೀನು ಕಿವಿರಿನ ಮೂಲಕ ಹೆಚ್ಚು ಹೆಚ್ಚು ನೀರು ಹಾಯಿಸುತ್ತದೆ. ಅಷ್ಟೇ ಹೆಚ್ಚು ಲೋಹ ಕಿವಿರಿಗೆ ತಗಲುತ್ತದೆ. ಕಿವಿರು ಮೊದಲೇ ಹಾಳಾಗಿದ್ದ ಮೀನು ಆರೋಗ್ಯವಂತ ಮೀನು ತಾಳುವ ರಾತ್ರಿಯನ್ನು ತಾಳುವುದಿಲ್ಲ. ಮರಣದ ಕಾರಣ ಬರೆಯುವಾಗ ಆಮ್ಲಜನಕದ ಹೆಸರೇ ಬೀಳುತ್ತದೆ.

ಹಾಗಾದರೆ ನದಿಯ ನೀರನ್ನು ಸರ್ಕಾರ ಪರೀಕ್ಷಿಸುವುದಿಲ್ಲವೇ? ಪರೀಕ್ಷಿಸುತ್ತದೆ. ಅಳತೆಗೋಲು ಮನುಷ್ಯನದ್ದು. ಕೇಂದ್ರ ಜಲ ಆಯೋಗ 2018ರಲ್ಲಿ ಭಾರತದ ನದಿಗಳ ವಿಷಲೋಹಗಳ ಬಗ್ಗೆ ಒಂದು ದೊಡ್ಡ ವರದಿ ತಂದಿತು. ನೂರಾರು ಕೇಂದ್ರಗಳ ನೀರನ್ನು ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರೊಂದಿಗೆ ಹೋಲಿಸಿತು. ಸತು ಎಲ್ಲೆಲ್ಲೂ ಮಿತಿಯೊಳಗೇ ಇದೆ ಎಂಬುದು ಅದರ ಒಂದು ತೀರ್ಮಾನ. ಇರಲೇಬೇಕಲ್ಲ! ಆ ಮಾನಕದಲ್ಲಿ ಸತುವಿಗಿರುವ ಮಿತಿ ಲೀಟರಿಗೆ 5 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದರೆ 15. ಮನುಷ್ಯನಿಗೆ ಸತು ದೊಡ್ಡ ವಿಷವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಜಲಚರಗಳಿಗೆ ಹಾಕಿರುವ ಗೆರೆ, ಮಧ್ಯಮ ಗಡಸು ನೀರಿನಲ್ಲಿ, 0.12 ಮಿಲಿಗ್ರಾಂ. ನಮ್ಮ ಮಿತಿ ಅದರ ಸುಮಾರು 40 ಪಟ್ಟು. ಕ್ಯಾಡ್ಮಿಯಂಗೆ ನಮ್ಮ ಕುಡಿಯುವ ನೀರಿನ ಮಿತಿ ಲೀಟರಿಗೆ 3 ಮೈಕ್ರೋಗ್ರಾಂ. ಜಲಚರಗಳ ದೀರ್ಘಕಾಲದ ಕ್ಷೇಮಕ್ಕೆ ಅದೇ ಸಂಸ್ಥೆ 2016ರಲ್ಲಿ ಗೊತ್ತುಪಡಿಸಿದ ಮಿತಿ 0.72. ಕೊಡದಲ್ಲಿ ತುಂಬಿ ಮಗುವಿಗೆ ಕುಡಿಸಬಹುದಾದ ನೀರಿನಲ್ಲಿ ಮೀನಿನ ಮರಿ ಬದುಕದೇ ಇರಬಹುದು.

ಮೀನಿಗೆಂದೇ ಮಾಡಿದ ವರ್ಗವೂ ನಮ್ಮಲ್ಲಿದೆ ಎಂದು ಬಲ್ಲವರು ಹೇಳಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿನೀರನ್ನು ಬಳಕೆಗೆ ತಕ್ಕಂತೆ ಎ ಇಂದ ಇ ವರೆಗೆ ವಿಂಗಡಿಸಿದೆ; ‘ಡಿ’ ವರ್ಗ ವನ್ಯಜೀವಿ ಮತ್ತು ಮೀನುಗಾರಿಕೆಗೆ. ಆ ವರ್ಗಕ್ಕೆ ಬೇಕಾದದ್ದು ಮೂರೇ: ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ತಾಮ್ರ, ಸತು, ಕ್ಯಾಡ್ಮಿಯಂ, ಸೀಸ, ಪಾದರಸ ಒಂದರ ಹೆಸರೂ ಅಲ್ಲಿಲ್ಲ. ಈ ವಿಷಯದ ಇಡೀ ಸಾಹಿತ್ಯದಲ್ಲಿ ನನ್ನನ್ನು ಹೆಚ್ಚು ಕೆಣಕಿದ್ದು ಇದೇ ಮೂರು ಸಾಲು. ಹರಿಹರದ ಬಳಿ ತುಂಗಭದ್ರೆಯಲ್ಲಿ 1980ರ ದಶಕದಲ್ಲಿ ಮೀನು ಸತ್ತು ತೇಲಿ, ಸಮಾಜ ಪರಿವರ್ತನ ಸಮುದಾಯದ ಹೋರಾಟ ನಾಡಿಗೆಲ್ಲ ಗೊತ್ತಾಗಿತ್ತು. ಅಲ್ಲಿನ ಕಾರ್ಖಾನೆಯಲ್ಲಿ ವಿಸ್ಕೋಸ್ ನೂಲು ತೆಗೆಯುವ ದ್ರಾವಣದಲ್ಲಿ ಬಳಸುವ ಸತುವಿನ ಸಲ್ಫೇಟಿನ ಬಗ್ಗೆ ಆಗಿನಿಂದಲಾದರೂ ನಾವು ಕೇಳಬೇಕಿತ್ತು.

ಮಿತಿ ಹಾಕುವುದು ಸುಲಭವೇನಲ್ಲ, ಅದಕ್ಕೆ ನೀರಿನ ಗಡಸುತನವೇ ಮೊದಲ ತೊಡಕು. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಕಿವಿರಿನ ಬಾಗಿಲಲ್ಲಿ ಅದೇ ಮೊದಲು ನಿಲ್ಲುತ್ತದೆ, ಲೋಹಕ್ಕೆ ಜಾಗ ಸಿಗುವುದಿಲ್ಲ. ನೀರಿನಲ್ಲಿ ಕರಗಿದ ಕೊಳೆ, ಕ್ಷಾರಗಳೂ ತಾಮ್ರವನ್ನು ಹಿಡಿದಿಡುತ್ತವೆ. ಈ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿಯನ್ನು 2007ರಿಂದ ಅಮೆರಿಕ ತಾಮ್ರದ ಮಿತಿ ಗೊತ್ತುಮಾಡಲು ಬಳಸುತ್ತಿದೆ. ಬಾರಾಮತಿಯ ಸುತ್ತಿನ ನೀರು ಗಡಸು. ಸೇಡಂ, ಶಹಾಬಾದಿನ ಸುಣ್ಣದಕಲ್ಲಿನ ಸೀಮೆ ತಲುಪುವ ಹೊತ್ತಿಗೆ ಭೀಮೆಯದ್ದು ಇನ್ನೂ ಗಡಸು. ಅಲ್ಲಿನ ಮೀನಿಗೆ ತಾಮ್ರ-ಕ್ಯಾಡ್ಮಿಯಂಗಳಿಂದ ಅಷ್ಟರಮಟ್ಟಿಗೆ ರಕ್ಷಣೆ ಇದೆ. ಪ್ಲೇಟಿಂಗ್ ಅಂಗಡಿಯ ಆರು ವೇಲೆನ್ಸಿಯ ಕ್ರೋಮಿಯಂ ಮತ್ತು ಆರ್ಸೆನಿಕ್ ಮಾತ್ರ ಬೇರೆ ದಾರಿಯಿಂದ ಬರುವಂಥವು, ಅವಕ್ಕೆ ಗಡಸು ನೀರು ಹೆಚ್ಚು ಅಡ್ಡಿ ಮಾಡುವುದಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಗಾಬರಿಯಾಗುವುದು ಮಲೆನಾಡಿನ ಬಗ್ಗೆ. ‘ಗಂಗಾ ಸ್ನಾನ, ತುಂಗಾ ಪಾನ’ ಎನ್ನುವ ನಾಡು ಅದು; ಅಲ್ಲಿನ ಹೊಳೆಗಳ ನೀರು ರುಚಿ, ಏಕೆಂದರೆ ಅದರಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಮೃದು ನೀರಿನಲ್ಲಿ ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ತಾಮ್ರಕ್ಕೇ ಟ್ರೌಟ್ ಮರಿಗಳು ಸಾಯುತ್ತವೆ. ಅದೇ ನಾಡಿನಲ್ಲಿ, ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೇಳಿದಂದಿನಿಂದ, ಮಳೆಗಾಲ ಬಂತೆಂದರೆ ಗೊನೆಗೊನೆಗೂ ಬೋರ್ಡೋ ದ್ರಾವಣ ಬೀಳುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿ ಕಾಲುಭಾಗ ತಾಮ್ರವೆಂದರೂ ದ್ರಾವಣದ ಪ್ರತಿ ಲೀಟರಿನಲ್ಲಿ 2,500 ಮಿಲಿಗ್ರಾಂ ತಾಮ್ರವಾಯಿತು. ಅದರಲ್ಲಿ ಹೆಚ್ಚಿನದು ಸುಣ್ಣದೊಂದಿಗೆ ಗಟ್ಟಿಯಾಗಿ ಗೊನೆಗೂ ಮಣ್ಣಿಗೂ ಅಂಟುತ್ತದೆ ನಿಜ. ಹೊಳೆಯೂ ಆಗ ತುಂಬಿ ಹರಿಯುತ್ತಿರುತ್ತದೆ. ಆದರೆ ತೋಟದ ಕಪ್ಪಿನಿಂದ, ಅಂದರೆ ಬಸಿಗಾಲುವೆಯಿಂದ, ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿಯುವ ಮಣ್ಣು ನೂರು ವರ್ಷದ ತಾಮ್ರವನ್ನು ಹೊತ್ತಿದೆ. ಪಶ್ಚಿಮ ಘಟ್ಟದ ಬೇರೆಲ್ಲೂ ಸಿಗದ ಸಣ್ಣ ಮೀನುಗಳು ಇರುವುದು ಆ ಹಳ್ಳಗಳಲ್ಲೇ. ಅಡಿಕೆ ಬೆಳೆಗಾರರನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಬೇರೆ ಮದ್ದನ್ನು ಯಾರೂ ಕೊಟ್ಟಿಲ್ಲ. ಕಾರ್ಖಾನೆಯ ಕೊಳವೆಯನ್ನೇ ನೋಡುತ್ತಿರುವವರು ಇತ್ತಲೂ ನೋಡಲಿ ಎಂಬುದಷ್ಟೇ ನನ್ನ ಮಾತು.

ಇನ್ನು ಪ್ರಯೋಗಾಲಯಗಳ ಕಡೆಗೆ. ಮಹಾರಾಷ್ಟ್ರ, ಕರ್ನಾಟಕಗಳ ಪ್ರಾಣಿಶಾಸ್ತ್ರ ವಿಭಾಗಗಳಿಂದ ಕಳೆದ ನಾಲ್ಕೈದು ದಶಕಗಳಲ್ಲಿ ಬಂದ ಇಂಥ ಪ್ರಬಂಧಗಳಿಗೆ ಲೆಕ್ಕವಿಲ್ಲ. ಹೆಚ್ಚಿನವುಗಳ ಅಚ್ಚು ಒಂದೇ. ಕಾಟ್ಲಾ, ರೋಹು ಇಲ್ಲವೇ ಗೆಂಡೆ ಮರಿ ತಂದು ಗಾಜಿನ ತೊಟ್ಟಿಗೆ ಬಿಡು, ಲೋಹದ ಉಪ್ಪು ಹಾಕು, 96 ಗಂಟೆಯಲ್ಲಿ ಅರ್ಧದಷ್ಟು ಮೀನು ಸಾಯುವ ಪ್ರಮಾಣ ಕಂಡುಹಿಡಿ, ಆಮೇಲೆ ಅದರ ಹತ್ತನೇ ಒಂದು ಪಾಲಿನಲ್ಲಿ ಕಿವಿರು, ಯಕೃತ್ತು ಏನಾದವೆಂದು ಬರೆ. ಕಿವಿರು ಕೆಟ್ಟಿರುತ್ತದೆ, ಯಕೃತ್ತಿನ ಕಿಣ್ವಗಳು ಏರಿರುತ್ತವೆ. ಬೇರೆ ಫಲಿತಾಂಶ ಬರುವ ಸಂಭವವೇ ಕಡಿಮೆ. ಹೀಗೆ ಹಾಕಿದ ಪ್ರಮಾಣ ಅನೇಕ ವೇಳೆ ಯಾವ ನದಿಯಲ್ಲೂ ಕಾಣದಷ್ಟು ದೊಡ್ಡದು. ನೀರಿನ ಗಡಸುತನವನ್ನು ಹೇಳದ ಪ್ರಬಂಧಗಳೂ ಇವೆ. ಅದನ್ನು ಹೇಳದಿದ್ದರೆ ತಾಮ್ರದ ಅಂಕಿಗೆ ಅರ್ಥವೇ ಇಲ್ಲ. ಇವುಗಳಿಂದ ಕಲಿತದ್ದಿಲ್ಲ ಎನ್ನಲಾರೆ. ಯಾವ ಅಂಗಕ್ಕೆ ಯಾವ ಲೋಹ ಹೋಗುತ್ತದೆ ಎಂಬ ನಕ್ಷೆ ಬಂದದ್ದು ಇಂಥ ದುಡಿಮೆಯಿಂದಲೇ. ನದಿಯ ಮೀನು ಹೇಗಿದೆ ಎಂಬ ಪ್ರಶ್ನೆಗೆ ಮಾತ್ರ ಅವು ಉತ್ತರವಲ್ಲ.

ಬಾರಾಮತಿಯ ಸಂಸ್ಥೆಯ ಕೆಲಸ ಈ ಅಚ್ಚಿನಿಂದ ಒಂದು ಹೆಜ್ಜೆ ಆಚೆಗಿದೆ. ಅವರು ಲೋಹವನ್ನು ಒಂಟಿಯಾಗಿ ನೋಡುವುದಿಲ್ಲ. ಸಾಕಣೆಯಲ್ಲಿ ಜನಪ್ರಿಯವಾದ ಪಂಗಾಸಿಯಸ್ ಮೀನನ್ನು ಸೀಸವಿರುವ ನೀರಿನಲ್ಲಿಟ್ಟು, ಅದೇ ಹೊತ್ತಿಗೆ ನೀರನ್ನು 34 ಡಿಗ್ರಿಗೆ ಕಾಯಿಸಿ, ಎರಡೂ ಏಟು ಒಟ್ಟಿಗೆ ಬಿದ್ದರೆ ಏನಾಗುತ್ತದೆಂದು ನೋಡಿದ್ದಾರೆ. ದಖ್ಖನಿನ ಬೇಸಿಗೆಯ ನೀರಿಗೆ ಅದು ಕಲ್ಪಿತ ಬಿಸಿಯಲ್ಲ. ಬಿಸಿ ಏರಿದಂತೆ ಮೀನಿನ ಉಸಿರಾಟ ಹೆಚ್ಚುತ್ತದೆ, ನೀರಿನಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ, ಕಿವಿರಿಗೆ ತಗಲುವ ಲೋಹ ಬೆಳೆಯುತ್ತದೆ. ಒಂಟಿ ಸೀಸಕ್ಕಿಂತ ಬಿಸಿ ಕೂಡಿದ ಸೀಸ ಹೆಚ್ಚು ಹಾನಿ ಮಾಡಿತು. ಮೇವಿನಲ್ಲಿ ಸೆಲೆನಿಯಂ ಅಥವಾ ಸತುವಿನ ನ್ಯಾನೋ ಕಣಗಳನ್ನು ಅತಿ ಸಣ್ಣ ಪ್ರಮಾಣದಲ್ಲಿ ಬೆರೆಸಿದಾಗ ಮೀನು ಚೇತರಿಸಿಕೊಂಡಿತು, ಬೆಳವಣಿಗೆಯೂ ಸುಧಾರಿಸಿತು. ಕೊಳದಲ್ಲಿ ಮೀನು ಸಾಕುವವನಿಗೆ ಇದು ನಾಳೆಯೇ ಉಪಯೋಗಕ್ಕೆ ಬರಬಹುದಾದ ವಿದ್ಯೆ.

ನನಗೆ ಎರಡು ಹಿಂಜರಿಕೆಗಳಿವೆ. ಮೊದಲನೆಯದು, ಮೇವು ಹಾಕುವುದು ಕೊಳದ ಮೀನಿಗೆ. ನೀರಾ ನದಿಯ ಮೀನಿಗೆ ಯಾರೂ ಮೇವು ಹಾಕುವುದಿಲ್ಲ. ಎರಡನೆಯದು, ಸೆಲೆನಿಯಂ ಮದ್ದಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. 1970ರ ದಶಕದಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಬೆಲ್ಯೂಸ್ ಸರೋವರಕ್ಕೆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬೂದಿಯ ನೀರು ಸೇರಿತು. ದೊಡ್ಡ ಮೀನುಗಳು ಗಟ್ಟಿಯಾಗಿಯೇ ಕಾಣುತ್ತಿದ್ದವು. ಬೂದಿಯ ಸೆಲೆನಿಯಂ ಮೊಟ್ಟೆಯ ಬಂಡಾರದ ಮೂಲಕ ಮರಿಗಳಿಗೆ ದಾಟಿ, ಅವು ಡೊಂಕಾಗಿ ಹುಟ್ಟಿ ಸಾಯುತ್ತ, ಕೆಲವೇ ವರ್ಷಗಳಲ್ಲಿ ಸರೋವರದ ಬಹುಪಾಲು ಮೀನುಜಾತಿಗಳು ಇಲ್ಲವಾದವು. ಭೀಮೆ ಕೃಷ್ಣೆಗೆ ಸೇರುವ ಆಸುಪಾಸಿನಲ್ಲೇ ನಮ್ಮ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವಿದೆ. ಅಲ್ಲಿನ ಮೀನಿನ ಮೊಟ್ಟೆಯಲ್ಲಿ ಸೆಲೆನಿಯಂ ಅಳೆಯುವುದು ದುಬಾರಿ ಕೆಲಸವೇನಲ್ಲ.

ಲೋಹದ ಕೊನೆಯ ತಂಗುದಾಣ ಕೆಸರು. 1980ರಲ್ಲಿ ಮುಗಿದ ಉಜನಿಯ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಅದರಲ್ಲಿ 63ಕ್ಕೂ ಹೆಚ್ಚು ಟಿಎಂಸಿ ಮೃತ ಸಂಗ್ರಹ. 2024ರ ಬೇಸಿಗೆಯಂತೆ ನೀರು ಆ ಮಟ್ಟಕ್ಕಿಂತಲೂ ಬಹಳ ಕೆಳಗಿಳಿದ ವರ್ಷ, ಪಳಸದೇವದ ಮುಳುಗಿದ ದೇವಸ್ಥಾನ ಮೇಲೆದ್ದು ಜನ ನೋಡಲು ಹೋಗುತ್ತಾರೆ. ಮೀನುಗಳು ಉಳಿದ ನೀರಿನಲ್ಲಿ ಕೆಸರಿನ ಜೊತೆ ಒತ್ತೊತ್ತಾಗಿ ಸೇರಿರುತ್ತವೆ. ಮೃಗಾಲ್, ಸಾಮಾನ್ಯ ಗೆಂಡೆಗಳು ಕೆಸರನ್ನು ಕೆದಕಿಯೇ ಹೊಟ್ಟೆ ಹೊರೆಯುವ ಜಾತಿ. ತಳದಲ್ಲಿ ಆಮ್ಲಜನಕವಿಲ್ಲದ ಕಡೆ ಪಾದರಸವನ್ನು ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. 1956ರಲ್ಲಿ ಜಪಾನಿನ ಮಿನಮಾತಾದಲ್ಲಿ ಬೆಳಕಿಗೆ ಬಂದ ಕಾಯಿಲೆ ಮೀಥೈಲ್ ಪಾದರಸದ್ದೇ. ಅಲ್ಲಿ ಅದು ಕಾರ್ಖಾನೆಯಿಂದಲೇ ಆ ರೂಪದಲ್ಲಿ ಕೊಲ್ಲಿಗೆ ಹರಿದಿತ್ತು. ಕೆಸರಿನ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ದಖ್ಖನಿನ ಕಪ್ಪುಕಲ್ಲಿನಲ್ಲೇ ತಾಮ್ರ, ಕ್ರೋಮಿಯಂ, ನಿಕಲ್ ಹೆಚ್ಚು. ತಾಮ್ರವೊಂದೇ ಕಿಲೋಗೆ 100 ಮಿಲಿಗ್ರಾಂಗೂ ಮಿಕ್ಕಿರುತ್ತದೆ. ಜಗತ್ತಿನ ಸರಾಸರಿಗೆ ಹೋಲಿಸಿ ‘ಇಷ್ಟು ಪಟ್ಟು ಮಾಲಿನ್ಯ’ ಎಂದು ಬರೆದ ಲೇಖನ ಕಂಡರೆ, ಅದು ದೂರುತ್ತಿರುವುದು ಕಾರ್ಖಾನೆಯನ್ನೋ ಜ್ವಾಲಾಮುಖಿಯನ್ನೋ ಎಂದು ಕೇಳಬೇಕಾಗುತ್ತದೆ.

ಬ್ರಿಟಿಷ್ ಅಧಿಕಾರಿ ಸೈಕ್ಸ್ 1839ರಲ್ಲಿ ದಖ್ಖನಿನ ಮಹಶೀರ್ ಮೀನನ್ನು ಲೋಕಕ್ಕೆ ಪರಿಚಯಿಸಿದ್ದು ಪುಣೆಯ ಪೂರ್ವಕ್ಕಿರುವ ಮುಳಾ-ಮುಠಾದಿಂದ. ಇಂದು ಆ ನೀರಿನಲ್ಲಿ ಆ ಮೀನನ್ನು ಹುಡುಕುವ ಹುಚ್ಚು ಯಾರಿಗೂ ಇಲ್ಲ. ಭಿಗವಣದ ಪೇಟೆಯಲ್ಲಿ ರಾಶಿ ಬೀಳುವುದು ಚಿಲಾಪಿ, ನಮ್ಮ ಕಡೆಯವರು ಜಿಲೇಬಿ ಎನ್ನುವ ತಿಲಾಪಿಯಾ. ಏನನ್ನಾದರೂ ತಾಳುವ ಜಾತಿ. ಈ ಬದಲಾವಣೆಯನ್ನೆಲ್ಲ ಲೋಹದ ತಲೆಗೆ ಕಟ್ಟಿದರೆ ಅನ್ಯಾಯ. ಚರಂಡಿ, ಅಣೆಕಟ್ಟು, ಸಣ್ಣ ಕಣ್ಣಿನ ಬಲೆ, ಹೊರಗಿನಿಂದ ತಂದು ಬಿಟ್ಟ ಜಾತಿಗಳು ಎಲ್ಲವೂ ಪಾಲುದಾರರು. ಲೋಹದ ಪಾಲೆಷ್ಟು ಎಂದು ಹೇಳಬಲ್ಲ ಅಳತೆಯನ್ನು ನಾವು ಮಾಡುತ್ತಿಲ್ಲ.

ಮಾಡುವ ಅಳತೆ ಒಂದೇ: ಆ ಮೀನನ್ನು ತಿನ್ನಬಹುದೇ? ಇದು ಬೇಡದ ಪ್ರಶ್ನೆಯಲ್ಲ. ಆಹಾರ ಸುರಕ್ಷತಾ ನಿಯಮದಂತೆ ಮೀನಿನಲ್ಲಿ ಸೀಸ ಕಿಲೋಗೆ 0.3 ಮಿಲಿಗ್ರಾಂ ಮೀರಬಾರದು, ಮತ್ತು ಪರೀಕ್ಷೆಗೆ ಹೋಗುವುದು ನಾವು ತಿನ್ನುವ ಭಾಗ, ಅಂದರೆ ಮಾಂಸಖಂಡ. ಪಾದರಸ ಸೇರುವುದು ಮಾಂಸಖಂಡಕ್ಕೇ, ಹಾಗಾಗಿ ಅದು ಸಿಕ್ಕಿಬೀಳುತ್ತದೆ. ಕ್ಯಾಡ್ಮಿಯಂ, ಸೀಸ, ತಾಮ್ರಗಳು ಯಕೃತ್ತು, ಮೂತ್ರಪಿಂಡ, ಕಿವಿರು, ಮೂಳೆಗಳಲ್ಲಿ ಕೂರುತ್ತವೆ. ಅಡುಗೆಮನೆಯಲ್ಲಿ ಕೊಯ್ದು ಬಿಸಾಡುವ ಭಾಗಗಳಲ್ಲಿ. ಸಾರಿಗೆ ಹಾಕಲು ಯೋಗ್ಯವೆಂದು ವರದಿ ಬಂದ ಮೀನು ಬದುಕಿದ್ದಾಗ ಹೇಗಿತ್ತೆಂದು ಆ ವರದಿಯಿಂದ ತಿಳಿಯುವುದಿಲ್ಲ.

ನೀರಾ ಮತ್ತು ಭೀಮೆಗಳ ಮೀನಿನ ಆರೋಗ್ಯ ತಿಳಿಯಬೇಕೆಂದರೆ ದುಬಾರಿ ಉಪಕರಣಗಳಿಗಿಂತ ಕ್ರಮ ಬದಲಾಗಬೇಕು. ಮಳೆಗಾಲದ ನಂತರದ ತಿಳಿನೀರಿನ ಜೊತೆಗೆ ಏಪ್ರಿಲ್-ಮೇ ತಿಂಗಳ ಮಡುವಿನ ನೀರನ್ನೂ ಎತ್ತಬೇಕು. ಪ್ರತಿ ಮಾದರಿಯ ಜೊತೆ ಗಡಸುತನ, ಪಿಎಚ್, ಕರಗಿದ ಲೋಹ ಎಷ್ಟು, ಕಣಕ್ಕಂಟಿದ್ದು ಎಷ್ಟು ಎಂದು ಬರೆಯಬೇಕು. ಒಂದೇ ತಳಿಯ ಗೆಂಡೆ ಮರಿಗಳನ್ನು ಪಂಜರದಲ್ಲಿಟ್ಟು ಕೆಲವು ವಾರ ನದಿಯಲ್ಲೇ ಇಳಿಬಿಡುವ ಹಳೆಯ ಉಪಾಯ ಇನ್ನೂ ಒಳ್ಳೆಯದೇ: ಒಂದು ಪಂಜರ ಕಾರ್ಖಾನೆಗಳಿಗಿಂತ ಮೇಲ್ಹರಿವಿನಲ್ಲಿ, ವೀರ್ ಅಣೆಕಟ್ಟಿನ ಕೆಳಗೆ, ಒಂದು ಸೋನಗಾಂವ್ ಸಂಗಮದಲ್ಲಿ, ಒಂದು ನರಸಿಂಗಪುರದಲ್ಲಿ, ಒಂದು ಗಡಿ ದಾಟಿದ ಮೇಲೆ ಅಫಜಲಪುರದ ಸೊನ್ನ ಬ್ಯಾರೇಜಿನಲ್ಲಿ. ಆ ಮರಿಗಳ ಯಕೃತ್ತಿನ ಮೆಟಲೋಥಯೋನಿನ್, ರಕ್ತದ ಕಿಣ್ವ, ಕಿವಿರಿನ ತೆಳುಪದರಗಳನ್ನು ಓದುವ ಕೈಗಳು ಮಾಳೆಗಾಂವ್ ಖುರ್ದ್‌ನಲ್ಲೂ ಇವೆ, ಧಾರವಾಡದಲ್ಲೂ ಇವೆ. ಎರಡು ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳು ಈಗಾಗಲೇ ಅದೇ ದಡದಿಂದ ಬಾಟಲಿಗಳಲ್ಲಿ ನೀರು ತುಂಬುತ್ತಿವೆ. ಪಂಜರ ಇಳಿಬಿಡಲು ಇನ್ನೊಂದು ಹಗ್ಗ ಬೇಕು, ಮತ್ತು ‘ಡಿ’ ವರ್ಗದ ಆ ಮೂರು ಸಾಲುಗಳ ಕೆಳಗೆ ನಾಲ್ಕನೆಯದನ್ನು ಬರೆಯಲು ದೆಹಲಿಯಲ್ಲಿ ಯಾರಾದರೂ ಕೂರಬೇಕು.